ಡಕೋಟಾ: ಯುದ್ಧಕ್ಕೆ ಹುಟ್ಟಿ ಬೆಂಗಳೂರಿನಲ್ಲಿ ಮರುಹುಟ್ಟು ಪಡೆದ ಸರಕು ವಿಮಾನ

ಅಮೆರಿಕದ ಡಗ್ಲಸ್ ಕಂಪನಿಯ ಸಿ-47 ಸರಕು ವಿಮಾನವನ್ನು ಬ್ರಿಟಿಷ್ ವಾಯುಪಡೆ ಡಕೋಟಾ ಎಂದು ಕರೆಯಿತು. ಭಾರತದಲ್ಲಿ ಬಳಕೆಗೆ ಬಂದದ್ದೂ ಅದೇ ಹೆಸರು. 1935ರ ಡಿಸೆಂಬರ್ 17ರಂದು ಮೊದಲ ಬಾರಿಗೆ ಹಾರಿದ ಡಿಸಿ-3 ಎಂಬ ಪ್ರಯಾಣಿಕ ವಿಮಾನ ಇದರ ಮೂಲ. ಎರಡನೇ ಮಹಾಯುದ್ಧ ಬಂದಾಗ ಅದರ ನೆಲವನ್ನು ಗಟ್ಟಿಮಾಡಿ, ಎಡಮಗ್ಗುಲಲ್ಲಿ ಜೀಪು ಹಿಡಿಸುವಷ್ಟು ಅಗಲದ ಬಾಗಿಲು ಇಟ್ಟರು. ಮೆತ್ತನೆಯ ಸೀಟುಗಳು ಹೋಗಿ ಗೋಡೆಗುಂಟ ಬೆಂಚುಗಳು ಬಂದವು. ಎಂಜಿನ್ ಎರಡು, ತಲಾ 1,200 ಅಶ್ವಶಕ್ತಿಯವು. ಹೊರೆ ಸುಮಾರು ಎರಡೂಮುಕ್ಕಾಲು ಟನ್, ಇಲ್ಲವೇ 28 ಸೈನಿಕರು. ಹತ್ತು ಸಾವಿರದಷ್ಟು ಡಕೋಟಾಗಳು ಯುದ್ಧಕಾಲದಲ್ಲೇ ತಯಾರಾದವು.

1942ರಲ್ಲಿ ಬರ್ಮಾ ಜಪಾನಿನ ಕೈಸೇರಿ ಚೀನಾಕ್ಕೆ ಹೋಗುವ ರಸ್ತೆ ಮುಚ್ಚಿತು. ಅಸ್ಸಾಮಿನಿಂದ ಹಿಮಾಲಯದ ಅಂಚು ದಾಟಿ ಕುನ್‌ಮಿಂಗ್‌ಗೆ ಸಾಮಾನು ಹೊತ್ತವುಗಳಲ್ಲಿ ಡಕೋಟಾಗಳೂ ಇದ್ದವು. ಹೀಗೆ ದುಡಿದ ವಿಮಾನಗಳಿಗೆ ದೊಡ್ಡ ದುರಸ್ತಿ ಕೇಂದ್ರ ಬೇಕಿತ್ತು. ಅದು ಸಿಕ್ಕಿದ್ದು ಬೆಂಗಳೂರಿನಲ್ಲಿ, ಎಚ್‌ಎಎಲ್‌ ವಿಮಾನ ಕಾರ್ಖಾನೆಯ ಅಂಗಳದಲ್ಲಿ. ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಪಾಲುದಾರಿಕೆಯಲ್ಲಿ 1940ರ ಡಿಸೆಂಬರ್‌ನಲ್ಲಿ ಹುಟ್ಟುಹಾಕಿದ್ದ ಈ ಕಾರ್ಖಾನೆ 1943ರಲ್ಲಿ ಅಮೆರಿಕದ ವಾಯುಪಡೆಯ ಉಸ್ತುವಾರಿಗೆ ಹೋಗಿ, ಅದರ 84ನೇ ಏರ್ ಡಿಪೋ ಆಯಿತು. ವಿಮಾನ ಕಟ್ಟಲೆಂದು ಶುರುವಾದ ಕಡೆ ರಿಪೇರಿಯೇ ಮುಖ್ಯ ಕೆಲಸವಾಯಿತು ಎಂಬ ಕೊರಗು ಇರಬಹುದು. ಆದರೆ ಸ್ಥಳೀಯ ಕೆಲಸಗಾರರ ಕೈ ಪಳಗಿದ್ದು ಈ ರಿಪೇರಿಯಲ್ಲೇ.

ಆ ಪಳಗಿದ ಕೈಗೆ ಯುದ್ಧ ಮುಗಿದ ಮೇಲೆ ನಿಜವಾದ ಬೆಲೆ ಬಂತು. ತವರಿಗೆ ಒಯ್ಯಲು ಖರ್ಚು ಜಾಸ್ತಿಯೆಂದು ಅಮೆರಿಕನ್ನರು ಇಲ್ಲೇ ಬಿಟ್ಟ ಡಕೋಟಾಗಳು ಅಗ್ಗದ ದರಕ್ಕೆ ಮಾರಾಟವಾದವು. ಹೊಸ ವಿಮಾನ ಕೊಳ್ಳುವ ಶಕ್ತಿಯಿಲ್ಲದ ಭಾರತದ ವಿಮಾನ ಕಂಪನಿಗಳಿಗೆ ಅಷ್ಟೇ ಸಾಕಾಗಿತ್ತು. ಆದರೆ ಸೈನ್ಯದ ಡಕೋಟಾ ಹಾಗೆಯೇ ಪ್ರಯಾಣಿಕರನ್ನು ಹೊರುವಂತಿರಲಿಲ್ಲ. ಎಂಜಿನ್ ಇಳಿಸಿ ಬಿಚ್ಚಿ ಸವೆದ ಭಾಗ ಬದಲಿಸಬೇಕು, ತುಕ್ಕು ಹಿಡಿದ ತಗಡು ಕಿತ್ತು ಹೊಸದಕ್ಕೆ ರಿವೆಟ್ ಹೊಡೆಯಬೇಕು, ಬೆಂಚು ತೆಗೆದು ಸೀಟು ಕೂರಿಸಬೇಕು, ಒಳಗೋಡೆಗೆ ಹೊದಿಕೆ ಹಾಕಬೇಕು. ಎಚ್‌ಎಎಲ್‌ಗೆ ಕೆಲಸ ತಂದುಕೊಟ್ಟದ್ದು ಈ ಮಾರ್ಪಾಡುಗಳು. ವಿ.ಎಂ. ಘಾಟಗೆ ಅವರ ತಂಡದ ಎಚ್‌ಟಿ-2 ತರಬೇತಿ ವಿಮಾನ 1951ರಲ್ಲಿ ಹಾರುವ ಮುನ್ನ ಕಾರ್ಖಾನೆ ಜೀವ ಹಿಡಿದದ್ದು ಇಂಥ ಕೆಲಸಗಳಿಂದಲೇ.

ಯಾರೂ ಯೋಜಿಸದಿದ್ದರೂ ದೇಶದ ನಾಗರಿಕ ವಿಮಾನಯಾನ ಹೀಗೆ ಯುದ್ಧದ ಗುಜರಿಯ ಮೇಲೆ ನಿಂತಿತು. 1949ರಲ್ಲಿ ಶುರುವಾದ ರಾತ್ರಿ ಅಂಚೆ ಸೇವೆಯಲ್ಲಿ ದೆಹಲಿ, ಬೊಂಬಾಯಿ, ಕಲ್ಕತ್ತ, ಮದರಾಸಿನ ವಿಮಾನಗಳು ನಡುರಾತ್ರಿ ನಾಗಪುರದಲ್ಲಿ ಸೇರಿ ಅಂಚೆಚೀಲ ಬದಲಿಸಿಕೊಂಡು ಮರಳುತ್ತಿದ್ದವು. 1953ರಲ್ಲಿ ಖಾಸಗಿ ಕಂಪನಿಗಳನ್ನು ಒಗ್ಗೂಡಿಸಿ ಇಂಡಿಯನ್ ಏರ್‌ಲೈನ್ಸ್ ಕಟ್ಟಿದಾಗ ಅದರ ಪಾಲಿಗೆ ಬಂದ 99 ವಿಮಾನಗಳಲ್ಲಿ 74 ಡಕೋಟಾಗಳು.

ವಾಯುಪಡೆಯ ಡಕೋಟಾಗಳದು ಇನ್ನೂ ಕಠಿಣ ದುಡಿಮೆ. 1947ರ ಅಕ್ಟೋಬರ್ 27ರಂದು ಸಿಖ್ ರೆಜಿಮೆಂಟಿನ ಮೊದಲ ಬೆಟಾಲಿಯನ್ನನ್ನು ಶ್ರೀನಗರಕ್ಕೆ ಇಳಿಸಿದ ವಿಮಾನಗಳಲ್ಲಿ ಇವೂ ಇದ್ದವು. 1948ರ ಮೇ 24ರಂದು ಏರ್ ಕಮೊಡೋರ್ ಮೆಹರ್ ಸಿಂಗ್, ಕೊಡಗಿನ ಮೇಜರ್ ಜನರಲ್ ಕೆ.ಎಸ್. ತಿಮ್ಮಯ್ಯ ಅವರನ್ನು ಕೂರಿಸಿಕೊಂಡು ಸುಮಾರು 11,500 ಅಡಿ ಎತ್ತರದ ಲೇಹ್‌ನ ಕಚ್ಚಾ ಪಟ್ಟಿಯ ಮೇಲೆ ಡಕೋಟಾ ಇಳಿಸಿದರು. ಆ ದಾರಿಯ ನಕ್ಷೆಯೂ ಸರಿಯಾಗಿರಲಿಲ್ಲ, ಒಳಗೆ ಗಾಳಿಯೊತ್ತಡದ ಏರ್ಪಾಟೂ ಇರಲಿಲ್ಲ. 1971ರ ಡಿಸೆಂಬರ್‌ನಲ್ಲಿ ಇಂದಿನ ಬಾಂಗ್ಲಾದೇಶದ ಟಂಗೈಲ್‌ ಮೇಲೆ ಪ್ಯಾರಾಟ್ರೂಪರ್‌ಗಳನ್ನು ಇಳಿಸಿದ ವಿಮಾನಗಳಲ್ಲೂ ಡಕೋಟಾಗಳಿದ್ದವು. 1980ರ ದಶಕದಲ್ಲಿ ಅವು ನಿವೃತ್ತವಾದವು.

ಆಮೇಲೆ ಒಂದು ಮರಳಿ ಬಂತು. ಆಗ ಕರ್ನಾಟಕದಿಂದ ರಾಜ್ಯಸಭಾ ಸದಸ್ಯರಾಗಿದ್ದ ರಾಜೀವ್ ಚಂದ್ರಶೇಖರ್, ಡಕೋಟಾ ಹಾರಿಸುತ್ತಿದ್ದ ತಂದೆ ಏರ್ ಕಮೊಡೋರ್ ಎಂ.ಕೆ. ಚಂದ್ರಶೇಖರ್ ಅವರ ಗೌರವಾರ್ಥ ಹಳೆಯ ವಿಮಾನವೊಂದನ್ನು ಕೊಂಡು, ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ದುರಸ್ತಿ ಮಾಡಿಸಿ ವಾಯುಪಡೆಗೆ ಕೊಟ್ಟರು. ‘ಪರಶುರಾಮ’ ಎಂಬ ಹೆಸರು, ವಿಪಿ 905 ಎಂಬ ಸಂಖ್ಯೆ ಹೊತ್ತ ಅದು 2018ರ ಏಪ್ರಿಲ್‌ನಲ್ಲಿ ಯುರೋಪ್ ಮತ್ತು ಅರಬ್ ನಾಡುಗಳ ಮೇಲಿಂದ ಹಾರಿ ಜಾಮ್‌ನಗರ ತಲುಪಿತು. ಮರುತಿಂಗಳು ಹಿಂಡನ್ ನೆಲೆಯಲ್ಲಿ ಸೇವೆಗೆ ಸೇರಿ, 2021 ಮತ್ತು 2022ರ ಗಣರಾಜ್ಯೋತ್ಸವಗಳಲ್ಲಿ 1971ರ ಯುದ್ಧದ ನೆನಪಿಗಾಗಿ ದೆಹಲಿಯ ಆಕಾಶದಲ್ಲಿ ಹಾರಿತು.