ಗೋಬಿಗೆ ಬೇಡ, ಕೋಶಕ್ಕೆ ಬೇಕು

ಗೋಬಿ ಮಂಚೂರಿ, ಕಾಟನ್ ಕ್ಯಾಂಡಿಗೆ ರೋಡಮೈನ್-ಬಿ ಬೆರೆಸಕೂಡದೆಂದು 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಆದೇಶಿಸಿದ್ದು ನೆನಪಿರಬೇಕು. ಹೊಟ್ಟೆಗೆ ಸಲ್ಲದ ಈ ಬಣ್ಣದ ವಂಶಕ್ಕೆ ಪ್ರಯೋಗಾಲಯದಲ್ಲಿ ಮಾತ್ರ ಬಲು ಮರ್ಯಾದೆ. ಜೀವಂತ ಕೋಶದೊಳಗಿನ ಒಂದೊಂದೇ ಪ್ರೋಟೀನನ್ನು ಬೆಳಗಿಸಿ ತೋರಿಸುವ ಬಣ್ಣಗಳಲ್ಲಿ ಹಲವು ರೋಡಮೈನ್ ಸಂತತಿಯವೇ.

ಸುಮಾರು 200 ನ್ಯಾನೊಮೀಟರ್‌ಗಿಂತ ಹತ್ತಿರವಿರುವ ಎರಡು ಚುಕ್ಕೆಗಳು ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ಒಂದೇ ಮಸುಕಾಗಿ ಕಾಣುತ್ತವೆ. 1873ರಲ್ಲಿ ಅರ್ನ್‌ಸ್ಟ್ ಅಬೆ ಹೇಳಿದ ಈ ಮಿತಿಯನ್ನು ದಾಟಿದ್ದಕ್ಕೆ ಎರಿಕ್ ಬೆಟ್ಜಿಗ್, ಸ್ಟೆಫಾನ್ ಹೆಲ್, ವಿಲಿಯಂ ಮೋರ್ನರ್ ಅವರಿಗೆ 2014ರ ರಸಾಯನಶಾಸ್ತ್ರ ನೊಬೆಲ್ ಸಿಕ್ಕಿತು. ತಮಾಷೆಯೆಂದರೆ ಮೂವರೂ ಪಿಎಚ್.ಡಿ. ಮಾಡಿದ್ದು ಭೌತಶಾಸ್ತ್ರದಲ್ಲಿ! ರಸಾಯನಶಾಸ್ತ್ರಜ್ಞರ ಕೈಚಳಕ ನೋಡಬೇಕಾದರೆ ಬಣ್ಣದ ಕಡೆಗೇ ತಿರುಗಬೇಕು. ಬಣ್ಣದ ಅಣು ಎಲ್ಲಿದೆಯೆಂಬ ಲೆಕ್ಕದಲ್ಲಿ ತಪ್ಪು ಅರ್ಧಕ್ಕಿಳಿಯಬೇಕೆಂದರೆ ಅದು ನಾಲ್ಕು ಪಟ್ಟು ಫೋಟಾನ್ ಸೂಸಬೇಕು. ಬಣ್ಣವೇ ಮಂಕಾದರೆ ದುಬಾರಿ ಯಂತ್ರ ಏನು ಮಾಡೀತು?

ಅಮೆರಿಕದ ವರ್ಜೀನಿಯಾದಲ್ಲಿರುವ ಜನೀಲಿಯಾ ಸಂಶೋಧನಾ ಕೇಂದ್ರದ ಲ್ಯೂಕ್ ಲಾವಿಸ್, ಜೊನಾಥನ್ ಗ್ರಿಮ್ ತಂಡ ಕೈಹಾಕಿದ್ದು ಇದಕ್ಕೇ. ಟೆಟ್ರಾಮೀಥೈಲ್ ರೋಡಮೈನ್ ಅಣುವಿನ ಎರಡು ತುದಿಯಲ್ಲೂ ಒಂದೊಂದು ನೈಟ್ರೋಜನ್, ಅದಕ್ಕೆ ಎರಡೆರಡು ಮೀಥೈಲ್ ಗುಂಪು. ಬೆಳಕು ಹೀರಿದ ಅಣು ಆ ಜಾಗದಲ್ಲಿ ತಿರುಚಿಕೊಂಡರೆ ಶಕ್ತಿಯೆಲ್ಲ ಶಾಖವಾಗಿ ಸೋರಿಹೋಗುತ್ತದೆ. ಮೀಥೈಲ್‌ಗಳನ್ನು ತೆಗೆದು ಅಲ್ಲಿ ಅಝೆಟಿಡಿನ್ ಎಂಬ ನಾಲ್ಕು ಪರಮಾಣುಗಳ ಪುಟ್ಟ ಉಂಗುರ ಕೂರಿಸಿದರು. ತುದಿಗೊಂದು ಕಾರ್ಬನ್ ಹೆಚ್ಚಿತು, ಅಷ್ಟೆ. ಹೀರಿದ 100 ಫೋಟಾನ್‌ಗೆ 41ನ್ನು ಮರಳಿಸುತ್ತಿದ್ದ ಬಣ್ಣ 88ನ್ನು ಮರಳಿಸತೊಡಗಿತು! 2015ರಲ್ಲಿ ಪ್ರಕಟವಾದ ಈ ಬಣ್ಣದ ಹೆಸರು ಜೆಎಫ್549.

ತಯಾರಿಯ ದಾರಿಯೂ ಬದಲಾಗಿತ್ತು. ಹತ್ತೊಂಬತ್ತನೇ ಶತಮಾನದಿಂದ ಬಂದ ಪದ್ಧತಿಯೆಂದರೆ ಥಾಲಿಕ್ ಅನ್‌ಹೈಡ್ರೈಡ್, ಅಮಿನೋಫೀನಾಲ್‌ಗಳನ್ನು ಆಮ್ಲದಲ್ಲಿ ಕಾಯಿಸುವುದು. ನಾಜೂಕಿನ ಗುಂಪುಗಳು ಆ ಕಾವಿಗೆ ಉಳಿಯುವುದಿಲ್ಲ. ಇವರು 1871ರಲ್ಲಿ ಅಡಾಲ್ಫ್ ಫಾನ್ ಬೇಯರ್ ತಯಾರಿಸಿದ್ದ ಫ್ಲೂರೆಸೀನನ್ನೇ ಹಿಡಿದು, ಅದನ್ನು ಟ್ರೈಫ್ಲೇಟ್ ಆಗಿಸಿ, ಪಲ್ಲಾಡಿಯಂ ವೇಗವರ್ಧಕದ ನೆರವಿನಿಂದ ಉಂಗುರವನ್ನು ಕೊನೆಯಲ್ಲಿ ಜೋಡಿಸಿದರು. ಹೀಗಾಗಿ ಒಂದೇ ಮೂಲವಸ್ತುವಿನಿಂದ ಬಗೆಬಗೆಯ ರೋಡಮೈನ್‌ಗಳನ್ನು ಮಾಡಬಹುದು.

ನನಗೆ ಹೆಚ್ಚು ಹಿಡಿಸುವುದು ಜೆಎಫ್549ರ ತಮ್ಮ ಜೆಎಫ್646. ನಡುವಿನ ಆಕ್ಸಿಜನ್ ಜಾಗದಲ್ಲಿ ಸಿಲಿಕಾನ್ ಇರುವ ಇದು ಕಡುಗೆಂಪು ಬೆಳಕಿನದು, ಕೋಶಕ್ಕೆ ಅಪಾಯ ಕಡಿಮೆ. ಮುಟ್ಟಿದರೆ ಮುನಿಯ ತದ್ವಿರುದ್ಧ ಸ್ವಭಾವ: ಒಂಟಿಯಾಗಿದ್ದಾಗ ಬಹುಮಟ್ಟಿಗೆ ಮುಚ್ಚಿಕೊಂಡು ಬಣ್ಣವಿಲ್ಲದೆ ಇರುತ್ತದೆ, ಪೊರೆಯನ್ನು ಸಲೀಸಾಗಿ ದಾಟುತ್ತದೆ, ಗುರುತಿಗೆಂದು ಒಳಗೆ ಸೇರಿಸಿದ ಹ್ಯಾಲೊಟ್ಯಾಗ್ ಎಂಬ ಪ್ರೋಟೀನಿಗೆ ಕಚ್ಚಿಕೊಂಡೊಡನೆ ತೆರೆದುಕೊಂಡು ಹೊಳೆಯುತ್ತದೆ. ಮಿಕ್ಕ ಬಣ್ಣ ತೊಳೆದು ತೆಗೆಯುವ ರಗಳೆ ಹೆಚ್ಚೂಕಮ್ಮಿ ತಪ್ಪಿತು. ಇಂಥ ಬಣ್ಣಗಳನ್ನು ಲಾವಿಸ್ ತಂಡ ಬೇರೆ ಪ್ರಯೋಗಾಲಯಗಳಿಗೆ ದುಡ್ಡಿಲ್ಲದೆ ಕಳಿಸಿಕೊಟ್ಟಿತು. ಅವು ಬೇಗ ಜಗತ್ತು ಸುತ್ತಿದ್ದರಲ್ಲಿ ಅದರ ಪಾಲೂ ಉಂಟು.