ಕ್ರಾಕೋವ್ ಪಟ್ಟಣವೂ ಪಂಚಗಂಗೆಯ ದಡವೂ

ರಾಯಬಾಗದಲ್ಲಿ ರೈಲು ಹತ್ತಿ ಉತ್ತರಕ್ಕೆ ಹೊರಟವರು ಕುಡಚಿಯ ಬಳಿ ಕೃಷ್ಣೆಯನ್ನು ದಾಟಿ, ಉಗಾರ ಶೇಡಬಾಳಗಳನ್ನು ಹಾದು ಮಿರಜಿಗೆ ಬರುತ್ತಾರೆ. ಅಲ್ಲಿ ಗಾಡಿ ಬದಲಾಯಿಸಿ ಕೊಲ್ಹಾಪುರದ ದಾರಿ ಹಿಡಿದರೆ, ಪಟ್ಟಣ ಸೇರುವುದಕ್ಕೆ ಸ್ವಲ್ಪ ಮುಂಚೆ ವಳಿವಡೆ ಎಂಬ ಸಣ್ಣ ನಿಲ್ದಾಣ ಸಿಕ್ಕುತ್ತದೆ. ಗಾಡಿಯಲ್ಲಿ ತೂಕಡಿಸುವವರು ಅದನ್ನು ಗಮನಿಸುವುದೇ ಇಲ್ಲ. ಆದರೆ 1943ರಿಂದ 1948ರವರೆಗೆ ಆ ನಿಲ್ದಾಣದ ಮಗ್ಗುಲಲ್ಲಿ, ಪಂಚಗಂಗೆಯ ದಡದ ಬಯಲಿನಲ್ಲಿ, ಸುಮಾರು ಐದು ಸಾವಿರ ಮಂದಿ ಪೋಲೆಂಡ್ ದೇಶದವರು ಊರು ಕಟ್ಟಿಕೊಂಡು ವಾಸವಾಗಿದ್ದರು. ನಿಪ್ಪಾಣಿಯಿಂದ ಕೊಲ್ಹಾಪುರಕ್ಕೆ ಸುಮಾರು 40 ಕಿಲೋಮೀಟರು; ಚಿಕ್ಕೋಡಿಗೂ ಅದು ನೆರೆಯೇ. ರಾಯಬಾಗವಂತೂ ಆಗ ಕೊಲ್ಹಾಪುರ ಸಂಸ್ಥಾನಕ್ಕೇ ಸೇರಿದ್ದಿತು. ಹೀಗಾಗಿ ರಾಯಬಾಗದ ಕನ್ನಡಿಗರೂ ಆ ಐದು ಸಾವಿರ ಪೋಲರೂ ಕೆಲವು ಕಾಲ ಒಂದೇ ಸಂಸ್ಥಾನದ ನೆರಳಿನಲ್ಲಿದ್ದರೆಂದು ಹೇಳಬಹುದು.

ಅವರು ಯುದ್ಧಕೈದಿಗಳಲ್ಲ. ಬಹುಪಾಲು ಹೆಂಗಸರು, ಮಕ್ಕಳು, ಮುದುಕರು. 1939ರ ಸೆಪ್ಟೆಂಬರಿನಲ್ಲಿ ಜರ್ಮನಿ ಪಶ್ಚಿಮದಿಂದಲೂ ಸೋವಿಯೆತ್ ರಷ್ಯ ಪೂರ್ವದಿಂದಲೂ ನುಗ್ಗಿ ಪೋಲೆಂಡನ್ನು ಹಂಚಿಕೊಂಡುವು. ಮುಂದಿನ ಎರಡು ವರ್ಷಗಳಲ್ಲಿ ಪೂರ್ವಭಾಗದ ಲಕ್ಷಾಂತರ ಜನರನ್ನು ಮನೆಗಳಿಂದೆಬ್ಬಿಸಿ, ಸಾಮಾನು ಸಾಗಿಸುವ ರೈಲುಗಳಲ್ಲಿ ತುಂಬಿ, ಸೈಬೀರಿಯ ಕಜಾಕಸ್ತಾನಗಳಿಗೆ ಅಟ್ಟಲಾಯಿತು. ಹಿಟ್ಲರನು 1941ರಲ್ಲಿ ರಷ್ಯದ ಮೇಲೆಯೇ ತಿರುಗಿಬಿದ್ದಾಗ ಲೆಕ್ಕಾಚಾರ ಬದಲಾಯಿತು. ಸೆರೆಯಲ್ಲಿದ್ದ ಪೋಲರಿಗೆ ಬಿಡುಗಡೆ ದೊರೆಯಿತು. ಬದುಕುಳಿದವರಲ್ಲಿ ಒಂದು ಪಾಲು 1942ರಲ್ಲಿ ಕ್ಯಾಸ್ಪಿಯನ್ ಸಮುದ್ರವನ್ನು ದಾಟಿ ಇರಾನನ್ನು ಸೇರಿತು. ಶಕ್ತರಾದ ಗಂಡಸರು ಜನರಲ್ ಆಂಡರ್ಸರ ಸೈನ್ಯದಲ್ಲಿ ಸೇರಿ ಯುದ್ಧಕ್ಕೆ ಹೋದರು. ಅವರ ಸಂಸಾರಗಳಲ್ಲಿ ಹಲವು ಭಾರತಕ್ಕೆ ಬಂದುವು. ಜಾಮನಗರದ ಹತ್ತಿರ ಬಾಲಾಚಡಿಯಲ್ಲಿ ಜಾಮ್‌ಸಾಹೇಬ್ ದಿಗ್ವಿಜಯಸಿಂಹರು ಅನಾಥ ಮಕ್ಕಳಿಗೆ ಆಶ್ರಯ ಕೊಟ್ಟ ಕಥೆ ಹೆಚ್ಚು ಪ್ರಸಿದ್ಧ. ಆದರೆ ಜನಸಂಖ್ಯೆಯಲ್ಲಿ ದೊಡ್ಡದು ವಳಿವಡೆಯ ನೆಲೆಯೇ.

ಊರು ಕಳೆದುಕೊಂಡವರು ಬೇರೊಂದು ನೆಲದಲ್ಲಿ ಊರು ಕಟ್ಟುವಾಗ ಯಾವ ಪಟ್ಟಣವನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟುತ್ತಾರೆ? ವಳಿವಡೆಗೆ ಬಂದವರಲ್ಲಿ ಹೆಚ್ಚಿನವರು ಲ್ವೂಫ್, ವಿಲ್ನೋ ಮುಂತಾದ ಪೂರ್ವದ ನಗರಗಳ ಸುತ್ತಿನವರು. ಆದರೂ ನಾವು ಇಂದು ಪರಿಚಯಮಾಡಿಕೊಳ್ಳಹೊರಟಿರುವುದು ದಕ್ಷಿಣ ಪೋಲೆಂಡಿನ ಕ್ರಾಕೋವ್ ನಗರವನ್ನು. ಕಾರಣವುಂಟು. 1795ರಿಂದ 1918ರವರೆಗೆ, ಎಂದರೆ 123 ವರ್ಷ, ಭೂಪಟದಲ್ಲಿ ಪೋಲೆಂಡ್ ಎಂಬ ರಾಜ್ಯವೇ ಇರಲಿಲ್ಲ. ರಷ್ಯ, ಪ್ರಷ್ಯ, ಆಸ್ಟ್ರಿಯ ಮೂರೂ ಅದನ್ನು ನುಂಗಿದ್ದುವು. ರಾಜ್ಯವಿಲ್ಲದ ಜನಕ್ಕೆ ತಮ್ಮ ರಾಜ್ಯ ಹೇಗಿದ್ದಿತೆಂಬುದನ್ನು ಕಣ್ಣಿಗೆ ಕಾಣಿಸುವಂತೆ ಉಳಿಸಿಕೊಂಡು ಬಂದದ್ದು ಕ್ರಾಕೋವ್. ಪೋಲೆಂಡಿನ ಮೂಲೆಮೂಲೆಯ ಮಕ್ಕಳಿಗೂ ಅದರ ಗೋಪುರಗಳ ಆಕಾರ ಪಾಠಪುಸ್ತಕದಿಂದಲೇ ಪರಿಚಿತ.

ವಿಸ್ಟುಲಾ ನದಿಯ ದಡದ ಈ ನಗರ 16ನೆಯ ಶತಮಾನದ ಕೊನೆಯವರೆಗೆ ಪೋಲಿಷ್ ರಾಜರ ರಾಜಧಾನಿ. 1241ರಲ್ಲಿ ತಾತಾರರು ಅದನ್ನು ಸುಟ್ಟರು. 1257ರಲ್ಲಿ ನಗರವನ್ನು ಮತ್ತೆ ಯೋಜನೆಮಾಡಿ ಕಟ್ಟಿದಾಗ ನಟ್ಟನಡುವೆ ಒಂದು ಚೌಕವನ್ನು ಬಿಟ್ಟರು. ಒಂದೊಂದು ಮಗ್ಗುಲೂ ಸುಮಾರು 200 ಮೀಟರು. ಏಳೂವರೆ ಶತಮಾನ ಕಳೆದರೂ ಆ ಚೌಕದ ಅಳತೆ ಕೆಟ್ಟಿಲ್ಲ. ನಮ್ಮ ಪೇಟೆಗಳಲ್ಲಿ ರಥಬೀದಿಯನ್ನು ಉಳಿಸಿಕೊಳ್ಳುವುದು ಎಷ್ಟು ಕಷ್ಟವೆಂದು ಬಲ್ಲವರಿಗೆ ಇದರ ಬೆಲೆ ತಿಳಿದೀತು. ಚೌಕದ ಮಧ್ಯದಲ್ಲಿ ಉದ್ದನೆಯ ಕಟ್ಟಡವೊಂದಿದೆ. ಅದರ ಹೆಸರು ಸುಕ್ಯೆನ್ನಿತ್ಸೆ, ಎಂದರೆ ಜವಳಿಯ ಮಂಟಪ. ದೂರದೇಶಗಳಿಂದ ಬಂದ ಬಟ್ಟೆಯನ್ನು ವರ್ತಕರು ಅಲ್ಲಿ ಮಾರುತ್ತಿದ್ದರು. 1555ರಲ್ಲಿ ಅದು ಬೆಂಕಿಗೆ ತುತ್ತಾದ ಮೇಲೆ ಇಟಲಿಯ ರೀತಿಯಲ್ಲಿ ಮೇಲುಗೋಡೆಯೊಂದನ್ನು ಕಟ್ಟಿ, ಅದರ ಉದ್ದಕ್ಕೂ ಅಣಕುಮುಖಗಳನ್ನು ಕೆತ್ತಿದರು. ಜವಳಿ ವ್ಯಾಪಾರಕ್ಕೆ ಇಷ್ಟು ಗಾಂಭೀರ್ಯದ ಮನೆ ಬೇಕೆ ಎಂದು ಕೇಳಬಹುದು. ಪಟ್ಟಣದ ಸಿರಿಯೆಲ್ಲವೂ ಬಂದದ್ದು ಆ ವ್ಯಾಪಾರದಿಂದ. ಕಟ್ಟಿಸಿದವರಿಗೆ ಅದರಲ್ಲಿ ಸಂಕೋಚವಿರಲಿಲ್ಲ.

ಚೌಕದ ಒಂದು ಮೂಲೆಯಲ್ಲಿ ಸಂತ ಮೇರಿಯ ಇಗರ್ಜಿ. ಕೆಂಪು ಇಟ್ಟಿಗೆಯ ಗಾಥಿಕ್ ಕಟ್ಟಡ. ಎರಡು ಗೋಪುರಗಳು, ಆದರೆ ಒಂದರ ಎತ್ತರ ಇನ್ನೊಂದಕ್ಕಿಲ್ಲ. ಎತ್ತರದ ಗೋಪುರ 80 ಮೀಟರಿಗೂ ಹೆಚ್ಚು. ಅದರ ತುದಿಯಿಂದ ಪ್ರತಿ ಗಂಟೆಗೂ ತುತೂರಿ ಊದುತ್ತಾರೆ, ನಾಲ್ಕು ದಿಕ್ಕಿಗೆ ನಾಲ್ಕು ಸಲ. ಊದುವವರು ನಗರದ ಅಗ್ನಿಶಾಮಕ ದಳದವರು. ನಮ್ಮ ನಗಾರಖಾನೆಗಳಂತೆ ಅದೂ ಮೊದಲು ಹೊತ್ತನ್ನು ಸಾರುವುದಕ್ಕೂ, ಬೆಂಕಿಯನ್ನೋ ಶತ್ರುವನ್ನೋ ಕಂಡಾಗ ಎಚ್ಚರಿಸುವುದಕ್ಕೂ ಹುಟ್ಟಿದ್ದು. ವಿಶೇಷವೇನೆಂದರೆ ಆ ರಾಗ ಮುಗಿಯುವುದಿಲ್ಲ. ನಡುವೆ ಥಟ್ಟನೆ ನಿಂತುಬಿಡುತ್ತದೆ. ತಾತಾರರ ದಾಳಿಯನ್ನು ಸಾರುತ್ತಿದ್ದವನ ಕೊರಳಿಗೆ ಬಾಣ ನಾಟಿತೆಂದೂ, ಅವನು ನಿಲ್ಲಿಸಿದಲ್ಲಿಯೇ ಇಂದಿಗೂ ನಿಲ್ಲಿಸುತ್ತಾರೆಂದೂ ಕಥೆ. ಕಥೆ ಸೊಗಸಾಗಿದೆ, ಆದರೆ ಅಷ್ಟು ಪುರಾತನವಾದುದಲ್ಲ. 1928ರಲ್ಲಿ ಅಮೆರಿಕದ ಲೇಖಕನೊಬ್ಬನು ಮಕ್ಕಳಿಗಾಗಿ ಬರೆದ ಕಾದಂಬರಿಯಿಂದ ಅದು ಲೋಕದಲ್ಲೆಲ್ಲಾ ಹರಡಿತು. ಅದಕ್ಕೆ ಒಂದು ವರ್ಷ ಮುಂಚೆ, 1927ರಲ್ಲಿ, ಪೋಲೆಂಡಿನ ಆಕಾಶವಾಣಿಯು ಮಧ್ಯಾಹ್ನದ ತುತೂರಿಯನ್ನು ದಿನವೂ ಪ್ರಸಾರಮಾಡತೊಡಗಿದ್ದಿತು. ಕ್ರಾಕೋವನ್ನು ಎಂದೂ ಕಾಣದ ಲ್ವೂಫಿನ ಹುಡುಗಿಗೂ ಅದರ ಗೋಪುರದ ದನಿ ಮನೆಯ ದನಿಯಾದದ್ದು ರೇಡಿಯೋದ ದೆಸೆಯಿಂದ. ಇದನ್ನು ಹೇಳುವಾಗ ನಮಗೆ ಸ್ವಲ್ಪ ಜಂಬವೆನಿಸಿದರೆ ಶ್ರೋತೃಗಳು ಕ್ಷಮಿಸಬೇಕು.

ಅದೇ ಇಗರ್ಜಿಯೊಳಗೆ ವಿಟ್ ಸ್ಟ್ವೋಶ್ ಎಂಬ ಶಿಲ್ಪಿ 1477ರಿಂದ 1489ರವರೆಗೆ ಕೆತ್ತಿದ ಮರದ ವೇದಿಕೆಯಿದೆ. ಮುಖ್ಯ ವಿಗ್ರಹಗಳು ಆಳೆತ್ತರಕ್ಕೂ ಮಿಗಿಲು. ಮುದುಕರ ಕೈಯ ನರಗಳು, ಕಣ್ಣಸುತ್ತಿನ ಸುಕ್ಕು ಯಾವುದನ್ನೂ ಉಳಿ ಬಿಟ್ಟಿಲ್ಲ. ಯುದ್ಧ ಹತ್ತಿರವಾದಾಗ ಇದನ್ನು ಬಿಚ್ಚಿ ದೂರದಲ್ಲಿ ಅಡಗಿಸಿಟ್ಟರು. ಜರ್ಮನರು ಹುಡುಕಿ ತೆಗೆದು ನ್ಯೂರೆಂಬರ್ಗಿಗೆ ಒಯ್ದರು. ಯುದ್ಧ ಮುಗಿದಾಗ ಅಲ್ಲಿಯ ಕೋಟೆಯ ಕೆಳಗಿನ ನೆಲಮಾಳಿಗೆಯಲ್ಲಿ ಅದು ಸಿಕ್ಕಿತು. 1946ರಲ್ಲಿ ಕ್ರಾಕೋವಿಗೆ ಮರಳಿತು. ಕಾಗವಾಡದ ಬಸದಿಯನ್ನು ನೋಡಿದವರಿಗೆ ಈ ನೆಲಮಾಳಿಗೆಯ ಮಾತು ಹೊಸದೆನಿಸಲಾರದು. ಅಲ್ಲಿಯೂ ನೇಮಿನಾಥನ ದೊಡ್ಡ ಮೂರ್ತಿ ಇರುವುದು ನೆಲದಡಿಯ ಮನೆಯಲ್ಲಿ. ಯಾಪನೀಯ ಸಂಘದ ಆಚಾರ್ಯರನ್ನು ಹೆಸರಿಸುವ 1394ರ ಶಾಸನವೂ ಅಲ್ಲಿಯೇ. ಆ ಸಂಘ ಅಳಿದುಹೋಯಿತು, ಶಾಸನ ಉಳಿಯಿತು.

ನಗರದ ತೆಂಕಣ ತುದಿಯಲ್ಲಿ ವಾವೆಲ್ ಗುಡ್ಡ. ಅದರ ಮೇಲೆ ಅರಮನೆ, ರಾಜರ ಸಮಾಧಿಗಳಿರುವ ದೊಡ್ಡ ಇಗರ್ಜಿ, 1520ರಲ್ಲಿ ಎರಕಹೊಯ್ದ ಸಿಗಿಸ್ಮಂಡನ ಘಂಟೆ. ರಾಜರಿಲ್ಲದ ಕಾಲದಲ್ಲಿ ಪೋಲರು ತಮ್ಮ ಕವಿಗಳನ್ನು ಅಲ್ಲಿಗೆ ತಂದರು: ಪರದೇಶದಲ್ಲಿ ಸತ್ತ ಮಿಕಿಯೆವಿಚ್ ಕವಿಯ ಅಸ್ಥಿಯನ್ನು 1890ರಲ್ಲಿ ರಾಜರ ಮಗ್ಗುಲಲ್ಲಿಟ್ಟರು. ದೇಶಕ್ಕಾಗಿ ಹೋರಾಡಿದ ಕೊಶ್ಚ್ಯುಷ್ಕೋವಿನ ನೆನಪಿಗೆ 1820ರಿಂದ ಮೂರು ವರ್ಷ ಜನರು ಮಣ್ಣು ಹೊತ್ತು ಒಂದು ದಿಬ್ಬವನ್ನೇ ಎತ್ತಿದರು. ಅವನು ಕಾದಿದ ರಣರಂಗಗಳ ಮಣ್ಣೂ ಅದರಲ್ಲಿ ಸೇರಿತು. 1364ರಲ್ಲಿ ಸ್ಥಾಪಿತವಾದ ವಿಶ್ವವಿದ್ಯಾನಿಲಯದಲ್ಲಿ ಕೊಪರ್ನಿಕಸ್ ಓದಿದನು. 1939ರ ನವೆಂಬರ್ 6ರಂದು ಜರ್ಮನರು ಆ ವಿದ್ಯಾಲಯದ ಅಧ್ಯಾಪಕರನ್ನು ಉಪನ್ಯಾಸವೊಂದಕ್ಕೆಂದು ಕರೆಸಿ, 180ಕ್ಕೂ ಹೆಚ್ಚು ಮಂದಿಯನ್ನು ಸೆರೆಹಿಡಿದು ಬಂದೀಶಿಬಿರಕ್ಕೆ ಕಳುಹಿಸಿದರು. ಯುದ್ಧಕ್ಕೆ ಮುಂಚೆ ನಗರದ ಜನರಲ್ಲಿ ಸುಮಾರು ಕಾಲುಭಾಗ ಯಹೂದ್ಯರು. ಅವರ ಹಳೆಯ ಕೇರಿ ಕಾಜಿಮಿಯೆಷ್. ಅವರಲ್ಲಿ ಬಹುಮಂದಿಯನ್ನು ಜರ್ಮನರು ಕೊಂದರು. ಕಾಜಿಮಿಯೆಷಿನ ಪ್ರಾರ್ಥನಾಮಂದಿರಗಳು ಇಂದೂ ನಿಂತಿವೆ. ಅಲ್ಲಿ ನೆರೆಯುತ್ತಿದ್ದ ಜನ ಇಲ್ಲ. ವಾರ್ಸಾ ನಗರ ನುಚ್ಚುನೂರಾದಾಗ ಕ್ರಾಕೋವ್ ಉಳಿಯಿತೆಂದು ಹೇಳುವುದುಂಟು. ಕಲ್ಲು ಇಟ್ಟಿಗೆಗಳ ಮಟ್ಟಿಗೆ ಅದು ದಿಟ.

ಇನ್ನು ನಮಗೆ ಬಹಳ ಹಿಡಿಸಿದ ಒಂದು ಸಂಗತಿ. ಕ್ರಾಕೋವಿನ ಗಾರೆಯವರಿಗೆ ಹಿಮಗಾಲದಲ್ಲಿ ಕೆಲಸವಿರುತ್ತಿರಲಿಲ್ಲ. ಆಗ ಅವರು ಹಲಗೆ, ರಟ್ಟು, ಬಣ್ಣದ ಬೇಗಡೆಗಳಿಂದ ಶೋಪ್ಕಾ ಎಂಬ ಆಟದ ಗೋಪುರಗಳನ್ನು ಮಾಡಿ, ಕ್ರಿಸ್ಮಸ್ಸಿನ ದಿನಗಳಲ್ಲಿ ಮನೆಮನೆಗೆ ಹೊತ್ತು ತಿರುಗುತ್ತಿದ್ದರು. ಒಳಗೆ ಶಿಶು ಕ್ರಿಸ್ತನ ತೊಟ್ಟಿಲು. ಹೊರಗೆ ಮೇರಿಯ ಇಗರ್ಜಿಯ ಗೋಪುರ, ವಾವೆಲ್ಲಿನ ಗುಮ್ಮಟ, ಜವಳಿಮಂಟಪದ ಮೇಲುಗೋಡೆ, ಎಲ್ಲವೂ ಒಂದರ ಮೇಲೊಂದು. ಬೇಸಿಗೆಯಲ್ಲಿ ಇಟ್ಟಿಗೆಯಿಂದ ಕಟ್ಟಿದ ಊರನ್ನು ಚಳಿಗಾಲದಲ್ಲಿ ಕಾಗದದಿಂದ ಕಟ್ಟುವುದು. 1937ರಲ್ಲಿ ಇದಕ್ಕೊಂದು ಸ್ಪರ್ಧೆ ಆರಂಭವಾಯಿತು. 2018ರಲ್ಲಿ ಯುನೆಸ್ಕೊ ಈ ಕಲೆಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ಉತ್ತರದ ಜಿಲ್ಲೆಗಳಲ್ಲಿ ಮೊಹರಮ್ಮಿನ ತಾಬೂತನ್ನು ಕಂಡವರು ಇದನ್ನು ಸುಲಭವಾಗಿ ಊಹಿಸಿಕೊಳ್ಳಬಹುದು. ಅದೂ ಬಿದಿರಿನ ಚೌಕಟ್ಟಿಗೆ ಬಣ್ಣದ ಕಾಗದ ಹಚ್ಚಿ, ಎಲ್ಲೋ ದೂರದಲ್ಲಿರುವ ಗೋರಿಯ ಗುಮ್ಮಟವನ್ನು ಹೆಗಲಮೇಲೆ ಹೊರುವ ಕಲೆಯಲ್ಲವೆ?

ಇಷ್ಟು ತಿಳಿದುಕೊಂಡು ವಳಿವಡೆಗೆ ಮರಳಿದರೆ, ಅಲ್ಲಿಯ ಊರು ಅರ್ಥವಾಗುತ್ತದೆ. ವಾಸ್ತುವಿದ್ಯೆಯೆಂದು ಹೇಳಿಕೊಳ್ಳುವಂಥದು ಅಲ್ಲೇನೂ ಇರಲಿಲ್ಲ. ಸಾಲುಸಾಲಾಗಿ ಒಂದೇ ಅಂತಸ್ತಿನ ಉದ್ದನೆಯ ಮನೆಗಳು; ಮೇಲೆ ಹೆಂಚು, ಗೋಡೆಗೆ ಬಿದಿರಿನ ತಟ್ಟಿ. ಆದರೆ ಆ ತಟ್ಟಿಗಳ ನಡುವೆ ಇಗರ್ಜಿಯಿದ್ದಿತು, ಆಸ್ಪತ್ರೆಯಿದ್ದಿತು, ಅಂಗಡಿಗಳಿದ್ದುವು, ಪೋಲಿಷ್ ಭಾಷೆಯಲ್ಲಿ ಪಾಠ ಹೇಳುವ ಪ್ರಾಥಮಿಕ ಶಾಲೆಗಳೂ ಪ್ರೌಢಶಾಲೆಯೂ ಇದ್ದುವು. ನಾಟಕ, ಹಾಡು, ಕುಣಿತ, ಸ್ಕೌಟು ದಳಗಳಿದ್ದುವು. ಖರ್ಚನ್ನು ಲಂಡನ್ನಿನಲ್ಲಿ ನೆಲಸಿದ್ದ ಪೋಲಿಷ್ ಸರ್ಕಾರ ವಹಿಸಿಕೊಂಡಿದ್ದಿತು. ಕೊಲ್ಹಾಪುರದಲ್ಲಿ ಆಗ ಬಾಲರಾಜ, ರಾಜಪ್ರತಿನಿಧಿಗಳ ಆಡಳಿತ. ಸೈಬೀರಿಯದ ಹಿಮವನ್ನು ಕಂಡು ಬಂದ ಮಕ್ಕಳು ಪಂಚಗಂಗೆಯಲ್ಲಿ ಈಜು ಕಲಿತರು. ಆ ನೀರು ನರಸೋಬವಾಡಿಯಲ್ಲಿ ಕೃಷ್ಣೆಯನ್ನು ಕೂಡಿ, ಕಾಗವಾಡ ರಾಯಬಾಗ ಅಥಣಿಗಳ ಸೀಮೆಯಲ್ಲಿ ಹರಿದುಬರುತ್ತದೆ.

ಮೈಸೂರು ಸೀಮೆಗೂ ಈ ಕಥೆಯಲ್ಲಿ ಎರಡು ಎಳೆಗಳುಂಟು. ಬೆಂಗಳೂರಿನ ಸರ್ಕಾರಿ ವಿದ್ಯುತ್ ಕಾರ್ಖಾನೆಯನ್ನು 1930ರ ದಶಕದಲ್ಲಿ ನಡೆಸಿದ ಮಾರಿಸ್ ಫ್ರೀಡ್ಮನ್ ಹುಟ್ಟಿದ್ದು ವಾರ್ಸಾದಲ್ಲಿ. ಅವರೂ ವಾಂಡಾ ದಿನೋವ್ಸ್ಕಾ ಎಂಬ ಥಿಯಾಸಫಿಸ್ಟ್ ಮಹಿಳೆಯೂ ಸೇರಿ 1944ರಲ್ಲಿ ಪೋಲಿಷ್-ಭಾರತೀಯ ಗ್ರಂಥಮಾಲೆಯೊಂದನ್ನು ಮದರಾಸಿನಲ್ಲಿ ತೆರೆದು, ಭಾರತದ ಗ್ರಂಥಗಳನ್ನು ಪೋಲಿಷಿಗೆ ತಂದರು. ಉಮಾದೇವಿಯೆಂದು ಹೆಸರು ಪಡೆದ ಆ ಮಹಿಳೆ 1971ರಲ್ಲಿ ತೀರಿಕೊಂಡದ್ದು ಮೈಸೂರಿನಲ್ಲಿ.

1944ರ ಮೇ 18ರಂದು ಇಟಲಿಯ ಮಾಂಟೆ ಕಸಿನೋ ಬೆಟ್ಟವನ್ನು ಆಂಡರ್ಸರ ಸೈನಿಕರು ಗೆದ್ದಾಗ, ಹಾಳುಬಿದ್ದ ಮಠದ ಮೇಲೆ ನಿಂತು ಕಹಳೆಗಾರನೊಬ್ಬನು ಊದಿದ್ದು ಕ್ರಾಕೋವಿನ ಆ ಮುಗಿಯದ ರಾಗವನ್ನೇ. ಆ ಸೈನ್ಯದವರ ಹೆಂಡಿರು ಮಕ್ಕಳಲ್ಲಿ ಹಲವರು ಆ ಹೊತ್ತಿಗೆ ವಳಿವಡೆಯಲ್ಲಿದ್ದರು. ಒಂಬತ್ತು ತಿಂಗಳಲ್ಲಿ, 1945ರ ಫೆಬ್ರವರಿಯಲ್ಲಿ, ಯಾಲ್ಟಾದಲ್ಲಿ ಕೂಡಿದ ಮೂವರು ಪೋಲೆಂಡಿನ ಪೂರ್ವದ ಗಡಿಯನ್ನು ಪಶ್ಚಿಮಕ್ಕೆ ಸರಿಸಿದರು. ಲ್ವೂಫ್ ಸೋವಿಯೆತ್ ಉಕ್ರೇನಿಗೂ ವಿಲ್ನೋ ಲಿಥುವೇನಿಯಕ್ಕೂ ಸೇರಿದುವು. ಜುಲೈಯಲ್ಲಿ ಬ್ರಿಟನ್ನು ಲಂಡನ್ನಿನ ಪೋಲಿಷ್ ಸರ್ಕಾರಕ್ಕೆ ಕೊಟ್ಟಿದ್ದ ಮನ್ನಣೆಯನ್ನೂ ಹಿಂತೆಗೆದುಕೊಂಡಿತು. ಯುದ್ಧವನ್ನು ಗೆದ್ದ ಪಕ್ಷದವರು ತಮ್ಮ ಊರನ್ನು ಸೋತಿದ್ದರು.

ಗಡಿ ಸರಿಯುವುದೆಂದರೇನೆಂದು ಚಿಕ್ಕೋಡಿಯ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ಚಿಕ್ಕೋಡಿ ಅಥಣಿಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದುವು, ರಾಯಬಾಗ ಕೊಲ್ಹಾಪುರಕ್ಕೆ. 1949ರಲ್ಲಿ ಕೊಲ್ಹಾಪುರ ಸಂಸ್ಥಾನ ಮುಂಬಯಿಯಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ಈ ಸೀಮೆಯೆಲ್ಲ ಮೈಸೂರು ರಾಜ್ಯಕ್ಕೆ ಬಂದಿತು. ವಾದಗಳು ನಡೆದುವು, ಮನಸ್ತಾಪಗಳೂ ಆದುವು. ಆದರೆ ನಿಪ್ಪಾಣಿಯ ತಂಬಾಕಿನ ವರ್ತಕನು ಮಾರನೆಯ ದಿನವೂ ಅದೇ ಅಂಗಡಿಯ ಬಾಗಿಲು ತೆರೆದನು, ಅದೇ ಎರಡು ಭಾಷೆಗಳಲ್ಲಿ ದರ ಹೇಳಿದನು. ಲ್ವೂಫಿನಲ್ಲಿ ಹಾಗಾಗಲಿಲ್ಲ. ಅಲ್ಲಿ ಗಡಿಯ ಜೊತೆಗೆ ಜನರನ್ನೂ ಸರಿಸಿದರು. ಇಗರ್ಜಿಗಳೂ ನಾಟಕಶಾಲೆಯೂ ಇದ್ದಲ್ಲಿಯೇ ಉಳಿದುವು.

ವಳಿವಡೆಯವರಲ್ಲಿ ಕೆಲವರು ಹೊಸ ಪೋಲೆಂಡಿಗೆ ಹಿಂದಿರುಗಿದರು. ಹೆಚ್ಚಿನವರು ಬ್ರಿಟನ್, ಆಫ್ರಿಕ, ಆಸ್ಟ್ರೇಲಿಯ, ಕೆನಡಗಳ ಕಡೆಗೆ ಚದರಿಹೋದರು. ಹೋಗದೆ ಉಳಿದವರ ಸಮಾಧಿಗಳು ಕೊಲ್ಹಾಪುರದ ಕ್ರೈಸ್ತ ಶ್ಮಶಾನದಲ್ಲಿವೆ. 2017ರಲ್ಲಿ ವಾರ್ಸಾದ ಮಾಂಟೆ ಕಸಿನೋ ಸ್ಮಾರಕದ ಬಳಿ ಕೊಲ್ಹಾಪುರಕ್ಕೆ ಕೃತಜ್ಞತೆ ಹೇಳುವ ಫಲಕವನ್ನು ನಿಲ್ಲಿಸಿದರು. 2019ರಲ್ಲಿ ವಳಿವಡೆಯಲ್ಲಿ ಸ್ತಂಭವೊಂದನ್ನು ನಿಲ್ಲಿಸಿದಾಗ ಅಲ್ಲಿ ಬಾಲ್ಯ ಕಳೆದ ವೃದ್ಧರು ಕೆಲವರು ಬಂದಿದ್ದರು.

ಪೋಲರು ಬಿಟ್ಟುಹೋದ ಮನೆಗಳು ಹೆಚ್ಚುಕಾಲ ಬರಿದಾಗಿರಲಿಲ್ಲ. 1947ರ ದೇಶವಿಭಜನೆಯಲ್ಲಿ ಊರು ಕಳೆದುಕೊಂಡು ಬಂದ ಸಿಂಧಿಗಳು ಅವುಗಳಲ್ಲಿ ನೆಲಸಿದರು. ಆ ಸ್ಥಳಕ್ಕೆ ಗಾಂಧಿನಗರವೆಂದು ಹೆಸರಾಯಿತು. ಇಂದು ಅದು ಸುತ್ತಣ ಸೀಮೆಗೆಲ್ಲ ಜವಳಿಯ ದೊಡ್ಡ ಸಗಟು ಪೇಟೆ. ಮದುವೆಯ ಕಾಲ ಬಂದಿತೆಂದರೆ ನಿಪ್ಪಾಣಿ, ಚಿಕ್ಕೋಡಿಗಳ ಕಡೆಯ ಅಂಗಡಿಕಾರರು ಬಟ್ಟೆಯ ಗಂಟು ಕಟ್ಟಿಸಿಕೊಂಡು ಬರುವುದು ಅಲ್ಲಿಂದಲೇ.