ಹವಳವೇಕೆ ಬೆಳ್ಳಗಾಯಿತು?

ಹವಳ ಎಂದೊಡನೆ ಕೆಂಪು ಮಣಿಗಳ ಸರ ನೆನಪಾಗುತ್ತದೆ, ಅಲ್ಲವೇ? ಹವಳ ಕಲ್ಲೋ, ಗಿಡವೋ? ಎರಡೂ ಅಲ್ಲ. ಅದು ಪ್ರಾಣಿ! ಸಮುದ್ರದಲ್ಲಿ ದಿಬ್ಬ ಕಟ್ಟುವ ಹವಳಗಳು ‘ಪಾಲಿಪ್’ ಎಂಬ ಪುಟ್ಟ ಜೀವಿಗಳ ದೊಡ್ಡ ಕುಟುಂಬ. ಪಾಲಿಪ್ ತನ್ನ ಕೆಳಗೆ ಕ್ಯಾಲ್ಸಿಯಂ ಕಾರ್ಬೊನೇಟಿನ, ಅಂದರೆ ಸುಣ್ಣದ ಕಲ್ಲಿನ, ಬಿಳಿ ಗೂಡನ್ನು ಕಟ್ಟಿಕೊಳ್ಳುತ್ತದೆ.

ಹಾಗಾದರೆ ಬಣ್ಣ ಎಲ್ಲಿಂದ ಬಂತು? ಪಾಲಿಪ್‌ನ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳು ವಾಸಿಸುತ್ತವೆ. ಕಂದು ಬಣ್ಣ ಬರುವುದು ಇವುಗಳಿಂದ. ಉಳಿದ ಕೆಲವು ಬಣ್ಣಗಳನ್ನು ಹವಳವೇ ತಯಾರಿಸುತ್ತದೆ. ಪಾಚಿಗಳು ಬಿಸಿಲಿನಲ್ಲಿ ಆಹಾರ ತಯಾರಿಸಿ ಹೆಚ್ಚಿನ ಪಾಲನ್ನು ಹವಳಕ್ಕೆ ಕೊಡುತ್ತವೆ. ಹವಳ ಅವಕ್ಕೆ ಆಸರೆ ಕೊಡುತ್ತದೆ. ಇದೇ ಸಹಜೀವನ.

ತೊಟ್ಟಿಯಲ್ಲಿ ಪತ್ತೇದಾರಿಕೆ

ಕೆಲವು ದೇಶಗಳಲ್ಲಿ ಹವ್ಯಾಸಿಗಳು ಮನೆಯ ಗಾಜಿನ ತೊಟ್ಟಿಯಲ್ಲಿ ಹವಳ ಬೆಳೆಸುತ್ತಾರೆ. ನಮ್ಮ ದೇಶದ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಅವನ್ನು ಸಮುದ್ರದಿಂದ ಕೀಳುವಂತಿಲ್ಲ. ತೊಟ್ಟಿಯ ಹವಳ ಬಣ್ಣ ಕಳೆದುಕೊಂಡರೆ ಹವ್ಯಾಸಿ ಏನೇನು ಪರೀಕ್ಷಿಸಬೇಕು? ನೋಡೋಣ.

1. ಉಷ್ಣತೆ: ತೊಟ್ಟಿಯ ನೀರು ಸುಮಾರು 24ರಿಂದ 27 ಡಿಗ್ರಿ ಸೆಲ್ಸಿಯಸ್ ಇದ್ದರೆ ಚೆನ್ನ. ತುಂಬಾ ಬಿಸಿಯಾದರೆ ಪಾಚಿಯ ಆಹಾರ ತಯಾರಿಕೆ ಕೆಟ್ಟು, ಹವಳಕ್ಕೆ ಹಾನಿ ಮಾಡುವ ವಸ್ತುಗಳು ಹುಟ್ಟುತ್ತವೆ. ಆಗ ಹವಳ ಪಾಚಿಯನ್ನು ಹೊರದಬ್ಬುತ್ತದೆ. ಪಾರದರ್ಶಕ ಮೈಯ ಮೂಲಕ ಬಿಳಿ ಗೂಡು ಕಾಣುತ್ತದೆ.

2. ಬೆಳಕು: ಹೊಸ ದೀಪ ಬಹಳ ಪ್ರಖರವೇ? ಹಾಗಿದ್ದರೆ ಬೆಳಕು ನೇರವಾಗಿ ಬೀಳುವ ಮೇಲ್ಭಾಗ ಮೊದಲು ಬಿಳುಚಿಕೊಳ್ಳುತ್ತದೆ.

3. ಉಪ್ಪು: ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣ ಇರುತ್ತದೆ. ನೀರು ಆವಿಯಾಗುತ್ತದೆ, ಉಪ್ಪು ಆವಿಯಾಗುವುದಿಲ್ಲ. ಗೋಕರ್ಣದ ಬಳಿಯ ಸಾಣಿಕಟ್ಟೆಯಲ್ಲಿ ಉಪ್ಪು ತೆಗೆಯುವುದೂ ಹೀಗೆಯೇ. ಆದ್ದರಿಂದ ಆವಿಯಾಗಿ ಕಡಿಮೆಯಾದ ಜಾಗಕ್ಕೆ ಉಪ್ಪುನೀರನ್ನಲ್ಲ, ಶುದ್ಧವಾದ ಸಿಹಿನೀರನ್ನು ತುಂಬಬೇಕು.

4. ಪೋಷಕಾಂಶ: ಮೀನಿಗೆ ಹೆಚ್ಚು ಆಹಾರ ಹಾಕಿದರೆ ನೀರಿನಲ್ಲಿ ನೈಟ್ರೇಟ್, ಫಾಸ್ಫೇಟ್ ಹೆಚ್ಚುತ್ತವೆ. ಪಾಚಿ ವಿಪರೀತ ಬೆಳೆದು ಹವಳ ಮಂಕು ಕಂದಾಗುತ್ತದೆ. ಇವು ತೀರಾ ಕಡಿಮೆಯಾದರೆ ಹವಳ ಬಿಳುಚಿಕೊಳ್ಳುತ್ತದೆ.

ಒಂದೇ ಸಲ ನಾಲ್ಕನ್ನೂ ಬದಲಿಸಿದರೆ ಯಾವುದು ಕಾರಣ ಎಂದು ತಿಳಿಯುವುದಿಲ್ಲ. ಮೊದಲು ಅಳೆಯಬೇಕು. ನಂತರ ಒಂದೊಂದನ್ನೇ, ನಿಧಾನವಾಗಿ ಸರಿಪಡಿಸಬೇಕು.

ಬಿಳಿಯಾದರೆ ಸತ್ತಂತೆಯೇ?

ಇಲ್ಲ. ಮೃದುವಾದ ಮೈ ಉಳಿದಿದ್ದರೆ ಹವಳ ಜೀವಂತವಾಗಿದೆ, ಆದರೆ ಹಸಿದಿದೆ. ಪರಿಸ್ಥಿತಿ ಬೇಗ ಸುಧಾರಿಸಿದರೆ ಪಾಚಿ ಮತ್ತೆ ಹೆಚ್ಚಿ, ಕೆಲವು ವಾರ ಅಥವಾ ತಿಂಗಳುಗಳಲ್ಲಿ ಬಣ್ಣ ಮರಳಬಹುದು. ಮೈ ಕಳಚಿ ಬರಿಯ ಗೂಡು ಉಳಿದಿದ್ದರೆ ಆ ಭಾಗ ಸತ್ತಿದೆ.

ಸಮುದ್ರವನ್ನು ತಣಿಸುವವರು ಯಾರು?

ತೊಟ್ಟಿಯ ನೀರನ್ನು ಯಂತ್ರದಿಂದ ತಣಿಸಬಹುದು. ಸಮುದ್ರವನ್ನು? ಬೇಸಿಗೆಯ ಸಾಮಾನ್ಯ ಗರಿಷ್ಠ ಉಷ್ಣತೆಗಿಂತ ಕೇವಲ 1 ಡಿಗ್ರಿ ಹೆಚ್ಚಾಗಿ ಕೆಲವು ವಾರ ಹಾಗೆಯೇ ಇದ್ದರೆ ಸಾಕು, ಹವಳ ಬಿಳಿಯಾಗುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016 ಮತ್ತು 2024ರಲ್ಲಿ ಹೀಗಾಯಿತು. ಆ ದ್ವೀಪಗಳು ನಿಂತಿರುವುದೇ ಹವಳದ ಮೇಲೆ. ದಿಬ್ಬಗಳು ಅಲೆಯ ಹೊಡೆತ ತಡೆಯುತ್ತವೆ, ಮೀನುಗಳಿಗೆ ಮನೆಯಾಗುತ್ತವೆ. ನಮ್ಮ ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದ ಸುತ್ತಲೂ ಹವಳಗಳಿವೆ. ಕಲ್ಲಿದ್ದಲು, ಪೆಟ್ರೋಲು ಉರಿಸುವುದನ್ನು ಇಡೀ ಜಗತ್ತು ಕಡಿಮೆ ಮಾಡಿದರೆ ಮಾತ್ರ ಸಮುದ್ರ ಬಿಸಿಯಾಗುವುದು ನಿಧಾನವಾದೀತು.

ಮಾಡಿ ನೋಡಿ

ಒಂದು ಲೋಟ, ಒಂದು ಬಕೆಟ್ ನೀರನ್ನು ಬಿಸಿಲಿನಲ್ಲಿಡಿ. ಅರ್ಧ ಗಂಟೆಗೊಮ್ಮೆ ಉಷ್ಣತಾಮಾಪಕದಿಂದ ಅಳೆದು ಬರೆದುಕೊಳ್ಳಿ. ನಂತರ ಎರಡನ್ನೂ ನೆರಳಿಗೆ ತಂದು ಮತ್ತೆ ಅಳೆಯಿರಿ. ಯಾವುದು ಬೇಗ ಬಿಸಿಯಾಯಿತು? ಯಾವುದು ನಿಧಾನವಾಗಿ ತಣಿಯಿತು? ಬಿಸಿಯಾದ ಸಮುದ್ರ ಬೇಗ ತಣಿಯದಿರಲು ಕಾರಣವೇನು? ತರಗತಿಯಲ್ಲಿ ಚರ್ಚಿಸಿ.